ಒಂದು ಚಮಚ ಹೆಪ್ಪು

ಶಿವರಾತ್ರಿ ಕಳೆದು ಬಿಸಿಲು ಬಲಿತಿತ್ತು. ಕರೆಗುಂಡಹಳ್ಳಿಯ ಕೆಳಗೇರಿಯಲ್ಲಿ ಹುಣಸೆಹಣ್ಣು ಬಡಿಯುವ ಕೆಲಸ ಹೊತ್ತು ಹುಟ್ಟುವಾಗಲೇ ಶುರುವಾಗಿತ್ತು. ಮರದಿಂದ ಇಳಿದ ಹಣ್ಣು ಜಗಲಿಗಳ ಮೇಲೆ ರಾಶಿ ಬಿದ್ದಿತ್ತು. ಹೆಂಗಸರು ಕಾಲು ಚಾಚಿ ಕೂತು, ಕೊಡತಿಯಲ್ಲಿ ಓಡು ಬಡಿದು, ನಾರು ಎಳೆದು, ಬೀಜ ಬಿಡಿಸಿ ಎಸೆಯುತ್ತಿದ್ದರು. ಬಿಡಿಸಿದ ಹಣ್ಣಿಗೆ ಉಪ್ಪು ಬೆರೆಸಿ, ಅಂಗಳದಲ್ಲಿ ಅಡ್ಡ ಮಲಗಿಸಿದ ಹಳೆಯ ಸೋಲಾರ್ ಹಲಗೆಗಳ ಮೇಲೆ ಹರವುವುದು ಆ ಊರಿನ ಪದ್ಧತಿ. ಊರಾಚೆಯ ಬಯಲಿನಲ್ಲಿ ಮೊದಲ ತಲೆಮಾರಿನ ಹಲಗೆಗಳನ್ನು ಕಿತ್ತಾಗ, ಬಿರುಕು ಬಿಟ್ಟವನ್ನು ಗುತ್ತಿಗೆದಾರ ಕೇಳಿದವರಿಗೆಲ್ಲ ಕೊಟ್ಟುಬಿಟ್ಟಿದ್ದ. ಕಪ್ಪು ಗಾಜು ರೊಟ್ಟಿಯ ಹಂಚಿನಂತೆ ಕಾಯುತ್ತದೆ, ಹಣ್ಣಿಗೆ ಮಣ್ಣು ಹತ್ತುವುದಿಲ್ಲ, ಒಂದು ಚೊಂಬು ನೀರು ಸುರಿದರೆ ತೊಳೆದಂತಾಗುತ್ತದೆ. ಹುಣಸೆಮರ ಇದ್ದವರ ಮನೆಗಳಲ್ಲೆಲ್ಲ ಅಂಥದೊಂದು ಹಲಗೆ ಇತ್ತು.

ಅಂಜಿನಮ್ಮ ಬುತ್ತಿ ಹಿಡಿದು ಕೇರಿಯ ಕೊನೆಯ ಮನೆಯಿಂದ ಹೊರಟಳು. ಅವಳು ಹತ್ತಿರ ಬಂದಂತೆ ಒಂದೊಂದೇ ಜಗಲಿಯ ಕೊಡತಿ ನಿಲ್ಲುತ್ತಿತ್ತು, ಅವಳು ದಾಟಿದ ಮೇಲೆ ಮತ್ತೆ ಬಡಿಯುತ್ತಿತ್ತು. ಬೈಗುಳವಿಲ್ಲ, ಕೊಂಕಿಲ್ಲ. ಉಸಿರು ಹಿಡಿದುಕೊಂಡವರ ಕೈ ತಾನಾಗಿ ನಿಲ್ಲುತ್ತದೆ, ಅಷ್ಟೇ. ಅದು ಅವಳಿಗೆ ಗೊತ್ತಿತ್ತು. ಅದಕ್ಕೇ ಆ ಕೇರಿಯಲ್ಲಿ ಹೆಜ್ಜೆಯನ್ನು ಸ್ವಲ್ಪ ಜೋರು ಹಾಕುತ್ತಿದ್ದಳು.

ಅವಳ ಉಸಿರಿನಲ್ಲಿ ಬೆಳ್ಳುಳ್ಳಿ ವಾಸನೆ. ಒಗ್ಗರಣೆಯ ಬೆಳ್ಳುಳ್ಳಿಯಲ್ಲ, ಮೂಲೆಯಲ್ಲಿ ಮರೆತು ಕೊಳೆತದ್ದು. ಹಲ್ಲುಜ್ಜಿದರೂ ಏಲಕ್ಕಿ ಜಗಿದರೂ ಹೋಗುವಂಥದಲ್ಲ, ಯಾಕೆಂದರೆ ಅದು ಬಾಯಿಯದಲ್ಲ, ರಕ್ತದ್ದು. ಅವಳ ಮೂಗಿಗೆ ಅದು ತಿಳಿಯುವುದು ನಿಂತು ಎಷ್ಟೋ ಕಾಲವಾಗಿತ್ತು. ಎದುರಿನವರ ಮುಖ ನೋಡಿ ಇಂದು ಹೆಚ್ಚೋ ಕಡಿಮೆಯೋ ಎಂದು ತಿಳಿದುಕೊಳ್ಳುತ್ತಿದ್ದಳು. ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿ. ಮದುವೆಗಳಲ್ಲಿ ಅವಳ ಎಲೆ ಪಂಕ್ತಿಯ ತುದಿಯದು. ಆಮೇಲೆ ಮದುವೆಗಳಿಗೆ ಹೋಗುವುದನ್ನೇ ಬಿಟ್ಟಳು.

ಅವಳು ದುಡಿಯುತ್ತಿದ್ದದ್ದು ಊರವರು ಶೆಡ್ಡು ಎಂದು ಕರೆಯುವ ಕಾರ್ಖಾನೆಯಲ್ಲಿ. ಮುದಿಯಾದ ಸೋಲಾರ್ ಹಲಗೆಗಳು ಅಲ್ಲಿಗೆ ಬರುತ್ತಿದ್ದವು. ಎರಡು ಗಾಜುಗಳ ನಡುವೆ, ಕಣ್ಣಿನ ರೆಪ್ಪೆಗೂದಲಿಗಿಂತ ತೆಳುವಾದ ಒಂದು ಕಪ್ಪು ಪದರ. ಕ್ಯಾಡ್ಮಿಯಂ, ಟೆಲ್ಲೂರಿಯಂ ಎಂಬ ಎರಡು ಧಾತುಗಳ ಸಂಯುಕ್ತ ಅದು. ಬಿಸಿಲನ್ನು ಕರೆಂಟು ಮಾಡುವುದು ಅದೇ. ಶೆಡ್ಡಿನಲ್ಲಿ ಗಾಜನ್ನು ನುರಿದು, ಆಮ್ಲದ ತೊಟ್ಟಿಯಲ್ಲಿ ಮುಳುಗಿಸಿದರೆ ಆ ಕಪ್ಪು ಕರಗಿ ಗಾಜು ನೀರಿನಂತೆ ತಿಳಿಯಾಗುತ್ತದೆ. ಕರಗಿದ್ದನ್ನು ಬೇರ್ಪಡಿಸಿ ಹೊಸ ಹಲಗೆ ಮಾಡುವವರಿಗೆ ಕಳಿಸುತ್ತಾರೆ. ಗಾಜು ತಿಳಿಯಾಯಿತೇ ಎಂದು ಕಣ್ಣಿಟ್ಟು ನೋಡುವುದು ಅಂಜಿನಮ್ಮನ ಕೆಲಸ. ನುರಿಯುವಾಗ ಏಳುವ ದೂಳನ್ನು ಎಷ್ಟು ಫ್ಯಾನು ಎಳೆದರೂ, ಎಂಥ ಮಾಸ್ಕು ಕಟ್ಟಿದರೂ, ಒಂದಿಷ್ಟು ಒಳಗೆ ಹೋಗಿಯೇ ಹೋಗುತ್ತಿತ್ತು.

ಒಳಗೆ ಹೋದ ಮೇಲೆ ಎರಡೂ ಎರಡು ದಾರಿ ಹಿಡಿಯುತ್ತವೆ. ಟೆಲ್ಲೂರಿಯಂ ಬಾಯಿಬಡುಕ. ಉಸಿರಿನಲ್ಲಿ ಹೊರಗೆ ಬಂದು ಊರಿಗೆಲ್ಲ ಸಾರುತ್ತದೆ. ಕ್ಯಾಡ್ಮಿಯಂ ಮಾತಾಡುವುದಿಲ್ಲ. ಮೆಲ್ಲಗೆ ಹೋಗಿ ಮೂತ್ರಪಿಂಡದಲ್ಲಿ ಕೂತರೆ ಇಪ್ಪತ್ತು ಮೂವತ್ತು ವರ್ಷ ಅಲ್ಲೇ. ಕೂತಲ್ಲಿಂದಲೇ ಮೂಳೆಯ ಸುಣ್ಣವನ್ನು ಸೋರಿಸುತ್ತದೆ. ಅಂಜಿನಮ್ಮನ ಗಂಡ ಗೋವಿಂದಪ್ಪ ಅದೇ ಶೆಡ್ಡಿನಲ್ಲಿ ನುರಿಯುವ ಯಂತ್ರದ ಮುಂದೆ ನಿಂತವನು. ಒಂದು ಸಂಜೆ ಸೈಕಲ್ಲಿನಿಂದ ಇಳಿಯಲು ಕಾಲೂರಿದಾಗ ಅವನ ತೊಡೆಯ ಮೂಳೆ ಒಣಗಿದ ಹರಳು ಗಿಡದ ಕಡ್ಡಿಯಂತೆ ಮುರಿಯಿತು. ಆಸ್ಪತ್ರೆಯಲ್ಲಿ ನೋಡಿದರೆ ಮೂತ್ರಪಿಂಡಗಳು ಎಂದೋ ಕೆಲಸ ಬಿಟ್ಟಿದ್ದವು. ಅವನು ಹೋದ ಮೇಲೆ, ಅವನಂಥ ಇನ್ನೂ ಕೆಲವರು ಹೋದ ಮೇಲೆ, ಶೆಡ್ಡಿಗೆ ಮೊಸರು ಬಂತು.

*

"ತಲೆ ಬಗ್ಗಿಸಿ, ಅಂಜಿನಮ್ಮ," ಎಂದರು ಡಾಕ್ಟರ್ ಸಬೀಹಾ.

ಶೆಡ್ಡಿನ ಆರೋಗ್ಯದ ಕೋಣೆಗೆ ಕಿಟಕಿಯಿಲ್ಲ. ದೀಪ ಆರಿಸಿ ಡಾಕ್ಟರು ನೇರಳೆ ಬೆಳಕಿನ ಕೈದೀಪ ಹೊತ್ತಿಸಿದರು. ಕನ್ನಡಿಯಲ್ಲಿ ಅಂಜಿನಮ್ಮನ ಗಿಡ್ಡ ಕೂದಲು ಹೊಂಬಣ್ಣಕ್ಕೆ ಹೊಳೆಯಿತು, ತುದಿಯಲ್ಲಿ ಜೋರಾಗಿ, ಬುಡದಲ್ಲಿ ಮಂಕಾಗಿ.

"ಬುಡ ನೋಡಿ, ಎಷ್ಟು ಕಡಿಮೆಯಾಗಿದೆ. ಒಳಗಿರೋದು ಖಾಲಿ ಆಗ್ತಿದೆ ಅಂತ ಅರ್ಥ."

ಕೆಲಸಗಾರರಿಗೆ ಗೇಟಿನಲ್ಲಿ ದಿನವೂ ಒಂದು ಬಾಟಲಿ ಮೊಸರು. ಅದರಲ್ಲಿ ಪ್ರಯೋಗಶಾಲೆಯಲ್ಲಿ ತಿದ್ದಿದ ಜೀವಾಣು. ನಮ್ಮ ಮೊಸರಿನ ಜೀವಾಣುವಿಗೇ ಒಂದು ಹೊಸ ವಿದ್ಯೆ ಕಲಿಸಿದ್ದು ಎಂದು ಡಾಕ್ಟರು ಹೇಳುತ್ತಿದ್ದರು. ಕರುಳಿನಲ್ಲಿ ಕೂತು ಅದು ಒಂದು ರಸ ಬಿಡುತ್ತದೆ. ಆ ರಸ ರಕ್ತದಲ್ಲಿ ಸುತ್ತಿ, ಮೂತ್ರಪಿಂಡದಲ್ಲಿ ಅವಿತ ಕ್ಯಾಡ್ಮಿಯಂ ಅನ್ನು ಎಬ್ಬಿಸಿ ಕೂದಲಿನ ಬುಡಕ್ಕೆ ತಂದುಬಿಡುತ್ತದೆ. ಕೂದಲಿನಲ್ಲಿ ಗಂಧಕ ಇರುತ್ತದಲ್ಲ, ಅದರ ಜೊತೆ ಸೇರಿದರೆ ಹಳದಿ. ಬೆಳೆದಂತೆ ಕತ್ತರಿಸಿ ತೆಗೆದರೆ ವಿಷವೂ ಹೋಯಿತು. ಮೂರು ತಿಂಗಳಿಗೊಮ್ಮೆ ಎಲ್ಲರ ತಲೆಗೂ ಕತ್ತರಿ, ಹೆಂಗಸರಿಗೂ. ಗಂಡ ಸತ್ತವಳ ಬೋಳುತಲೆಯನ್ನು ಜನ ಹೇಗೆ ನೋಡುತ್ತಾರೆಂದು ಅಂಜಿನಮ್ಮನಿಗೆ ಗೊತ್ತು. ಹೊರಗೆ ಹೊರಟರೆ ವಸ್ತ್ರ ಕಟ್ಟಿಕೊಳ್ಳುತ್ತಿದ್ದಳು.

"ಇದು ಖಾಲಿಯಾದ್ರೆ ವಾಸ್ನೆ ಹೋಗ್ತೈತಾ ಮೇಡಂ?"

"ವಾಸನೆ ಇನ್ನೊಂದರದ್ದು. ಮೊಸರು ಅದರ ತಂಟೆಗೆ ಹೋಗಲ್ಲ. ಈ ಕೆಲಸ ಬಿಟ್ಟರೆ ಕೆಲವು ತಿಂಗಳಲ್ಲಿ ತಾನಾಗಿಯೇ ಹೋಗುತ್ತೆ."

"ಕೆಲ್ಸ ಬಿಟ್ಟು ಏನುಣ್ಣಲಿ? ವಾಸ್ನೆ ಹೋದ ಬಾಯಿಗೂ ಮುದ್ದೆ ಬೇಕಲ್ವಾ."

ಡಾಕ್ಟರು ಮಾಸ್ಕಿನೊಳಗೆ ನಕ್ಕರು. ಕೆಲಸಗಾರರ ನಡುವೆ ಅವರು ಮಾಸ್ಕು ತೆಗೆದದ್ದೇ ಇಲ್ಲ. ಅದರಿಂದಲೋ ಏನೋ, ಅಂಜಿನಮ್ಮನ ಎದುರು ಮುಖ ಕೊಟ್ಟು ಕೂರುತ್ತಿದ್ದ ಜೀವ ಅವರೊಬ್ಬರೇ. ತಲೆಯ ಮೇಲೆ ಅವರ ಬೆರಳು ಆಡುವ ಆ ಹೊತ್ತು ಇನ್ನಷ್ಟು ಎಳೆಯಲಿ ಎಂದು ಅವಳು ಸುಮ್ಮನೆ ಏನೇನೋ ಕೇಳುತ್ತಿದ್ದಳು.

*

ಮೊಸರನ್ನು ಗೇಟಿನಲ್ಲೇ ಕುಡಿಯಬೇಕು. ಆದರೆ ವಾರದ ರಜೆಯ ದಿನಕ್ಕೆಂದು ಒಂದು ಬಾಟಲಿ ಮನೆಗೆ ಕೊಡುತ್ತಿದ್ದರು. ಮನೆಗೆ ಬಂದ ಮೊಸರನ್ನು ಪೂರ್ತಿ ಬರಿದು ಮಾಡಿ ಪಾತ್ರೆ ತೊಳೆಯುವುದು ಅಂಜಿನಮ್ಮ ಕಲಿತ ಪಾಠವಲ್ಲ. ಅವಳ ತಾಯಿ, ಅವಳ ಅತ್ತೆ, ಯಾರೂ ಮಾಡಿದವರಲ್ಲ. ಕೊನೆಯ ಒಂದು ಚಮಚ ಎತ್ತಿಡಬೇಕು, ನಾಳಿನ ಹಾಲಿಗೆ. ಎತ್ತಿಟ್ಟಳು. ಉಗುರುಬೆಚ್ಚಗಿನ ಹಾಲಿಗೆ ಹಾಕಿದಳು. ಬೆಳಿಗ್ಗೆ ನೋಡಿದರೆ ಗಟ್ಟಿಯಾಗಿ ಕೂತಿತ್ತು. ಅಂದಿನಿಂದ ಅವಳ ಮನೆಯ ಹೆಪ್ಪು ಅದೇ. ಇದನ್ನು ಯಾರಿಗೂ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಹೇಳಲು ಮನೆಗೆ ಬರುವವರು ಇರಲಿಲ್ಲ.

ಹೋದ ದೀಪಾವಳಿಯ ಚಳಿಯಲ್ಲಿ ಒಂದು ಸಂಜೆ ಬಾಗಿಲ ಹತ್ತಿರ ಬಳೆಯ ಸದ್ದಾಯಿತು.

"ಅಕ್ಕಾ, ಒಳಗಿದ್ದೀಯಾ?"

ಪಕ್ಕದ ಮನೆಯ ನಾಗವೇಣಿ. ಕೈಯಲ್ಲಿ ಪುಟ್ಟ ಹಿತ್ತಾಳೆ ಬಟ್ಟಲು.

"ಒಂಚೂರು ಹೆಪ್ಪು ಬೇಕಿತ್ತು ಕಣಕ್ಕ. ಚಳಿಗೆ ನಮ್ಮದು ನೀರು ನೀರಾಗೋಯ್ತು. ಅತ್ತೆ ಹಿಂದೂಪುರಕ್ಕೆ ಹೋದೋರು ನಾಳೆ ತಿರುಗಿ ಬತ್ತಾರೆ. ಮೊಸರಿಲ್ಲ ಅಂದ್ರೆ ನನ್ನ ಬಿಡ್ತಾರಾ? ಎಲ್ಲಾರ ಮನೇಲೂ ಕೇಳ್ದೆ, ಎಲ್ಲಾರದೂ ಇದೇ ಕತೆ."

ಎಲ್ಲರ ಮನೆಯಲ್ಲೂ ಕೇಳಿ ಮುಗಿದ ಮೇಲೆ ಇಲ್ಲಿಗೆ ಬಂದಿದ್ದಾಳೆ ಎನ್ನುವುದು ಅಂಜಿನಮ್ಮನಿಗೆ ತಿಳಿಯದೆ ಹೋಗಲಿಲ್ಲ. ಆದರೂ ಮೈಯೆಲ್ಲ ಹಗುರಾಯಿತು. ಆ ಹೊಸಿಲಿನ ಮುಂದೆ ಯಾರಾದರೂ ಬಟ್ಟಲು ಹಿಡಿದು ನಿಂತು ಎಷ್ಟು ಕಾಲವಾಯಿತು! ಉಸಿರು ಬಿಗಿಹಿಡಿದು, ಮುಖ ಗೋಡೆಯ ಕಡೆ ತಿರುಗಿಸಿ, ಒಂದು ಚಮಚದ ಬದಲು ಎರಡು ಚಮಚ ಹಾಕಿದಳು. ಉಸಿರು ಹಿಡಿದಿದ್ದರಿಂದ "ತಗೋ" ಎನ್ನಲೂ ಆಗಲಿಲ್ಲ.

"ನಾಳೆ ವಾಪಸ್ ತಂದ್ಕೊಡ್ತೀನಿ ಕಣಕ್ಕ," ಎಂದು ನಾಗವೇಣಿ ಬೇಗ ಬೇಗ ಮೆಟ್ಟಿಲಿಳಿದಳು.

ಹೆಪ್ಪು ಒಯ್ದವರು ತಮ್ಮ ಹಾಲಿನಲ್ಲಿ ಅದು ಕೂತ ಮೇಲೆ ಒಂದು ಚಮಚ ಕೊಟ್ಟವರ ಮನೆಗೆ ಮುಟ್ಟಿಸಬೇಕು, ಇಲ್ಲದಿದ್ದರೆ ಕೊಟ್ಟವರ ಗಡಿಗೆ ಸೊರಗುತ್ತದೆ ಎಂದು ಆ ಕಡೆಯ ನಂಬಿಕೆ. ಮರುದಿನ ಅಂಜಿನಮ್ಮ ಹೊಸಿಲು ಸಾರಿಸಿ ಕಾದಳು. ಅದರ ಮರುದಿನವೂ ಕಾದಳು. ನಾಗವೇಣಿ ಬರಲಿಲ್ಲ. ಆದರೆ ಗೋಡೆಯ ಆಚೆಯಿಂದ ಅವಳ ಅತ್ತೆ ಓಬಳಮ್ಮನ ಗಟ್ಟಿ ಗಂಟಲು ಕೇಳಿಸಿತು: "ಯಾರ ಮನೇದಮ್ಮಿ ಈ ಹೆಪ್ಪು? ಚಾಕಲ್ಲಿ ಕೊಯ್ಯಂಗೈತೆ!" ನಾಗವೇಣಿ ಏನು ಹೇಳಿದಳೋ ಕೇಳಿಸಲಿಲ್ಲ. ಅಂಜಿನಮ್ಮ ಒಬ್ಬಳೇ ನಕ್ಕಳು. ಅಂಥ ಮೊಸರು ಒಂದು ಮನೆಯಲ್ಲಿ ನಿಲ್ಲುವುದುಂಟೇ? ಸಂಕ್ರಾಂತಿಯ ಹೊತ್ತಿಗೆ ಕೇರಿಯ ಗಡಿಗೆಗಳಲ್ಲೆಲ್ಲ ಅದೇ ಕೂರುತ್ತಿತ್ತು.

*

ಮೊದಲು ಕಂಡವನು ಕೂದಲಿನವನು. ಉದುರಿದ ತಲೆಗೂದಲು ಕೊಂಡು ಸ್ಟೀಲು ತಟ್ಟೆ ಕೊಡುವ ಆ ವ್ಯಾಪಾರಿ, ಹುಣಸೆ ಬಡಿಯುತ್ತಿದ್ದ ಓಬಳಮ್ಮ ಕೊಟ್ಟ ಉಂಡೆಯನ್ನು ಬಿಸಿಲಿಗೆ ಹಿಡಿದು ನೋಡಿದ.

"ಏನಜ್ಜಿ, ಕೂದಲಿಗೂ ಅರಿಶಿನ ಹಚ್ಕೊಂಡಿದ್ದೀಯಾ? ಎರಡನೇ ಲಗ್ನ ಏನಾದ್ರೂ ಐತಾ?"

ಜಗಲಿಗಳೆಲ್ಲ ಗೊಳ್ಳೆಂದವು. ಓಬಳಮ್ಮನೂ ನಕ್ಕಳು. ನಗುತ್ತಲೇ ಗಂಟು ಬಿಚ್ಚಿ ಜಡೆಯನ್ನು ಮುಂದೆ ಎಳೆದುಕೊಂಡಳು. ತುದಿ ಬೆಳ್ಳಗಿತ್ತು. ನೆತ್ತಿಯ ಹತ್ತಿರದ ಎರಡು ಬೆರಳಗಲ ಅರಿಶಿನವೇ. ಆಮೇಲೆ ಒಬ್ಬರ ತಲೆಯನ್ನೊಬ್ಬರು ನೋಡಿದರು. ಕಪ್ಪು ಕೂದಲಿನಲ್ಲಿ ಅದು ಜೇನಿನ ಬಣ್ಣ. ನಾಗವೇಣಿಯ ಎರಡು ವರ್ಷದ ಮಗಳು ಹಂಸಿಯ ಎಳೆಗೂದಲಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಾಣುತ್ತಿತ್ತು. ಕೂಸಿನ ಕೂದಲು ಚಿನ್ನದ ಹಾಗೆಂದು ಎಲ್ಲರೂ ಮುದ್ದಾಡಿದ್ದೇ ಆಗಿತ್ತು. ಈಗ ಯಾರೂ ಮುಟ್ಟಲಿಲ್ಲ.

ಶೆಡ್ಡಿನವರ ಕೂದಲು ಹಳದಿ ಎನ್ನುವುದು ಊರಿಗೆ ಗೊತ್ತಿದ್ದದ್ದೇ. ಯಾರ ಹೆಪ್ಪು ಎಂದು ಓಬಳಮ್ಮ ಮತ್ತೆ ಕೇಳಿದಳು. ಈ ಸಲ ನಾಗವೇಣಿ ಅಳುತ್ತ ಹೇಳಿದಳು.

ಅಂಜಿನಮ್ಮ ಕೆಲಸ ಮುಗಿಸಿ ಬಂದಾಗ ಅವಳ ಬಾಗಿಲ ಮುಂದೆ ಹೆಂಗಸರು ನಿಂತಿದ್ದರು. ಕಂಕುಳಲ್ಲಿ ಗಡಿಗೆಗಳು.

"ನೋಡು, ಕಣ್ಣು ಬಿಟ್ಟು ನೋಡು!" ಓಬಳಮ್ಮ ಕೂಸಿನ ತಲೆಯನ್ನು ಮುಂದೆ ಮಾಡಿದಳು. "ಗಂಡನ್ನ ನುಂಗಿದ್ದು ಸಾಲದಾಗಿತ್ತಾ ನಿಂಗೆ? ನಮ್ ಕೂಸೂ ಬೇಕಾಗಿತ್ತಾ? ಏನ್ ಬೆರೆಸ್ಕೊಟ್ಟೆ ಅದ್ರಲ್ಲಿ?"

"ನಾನೇನೂ ಬೆರೆಸ್ಲಿಲ್ಲ ಅತ್ತಮ್ಮ. ನಾನು ತಿನ್ನೋದೇ ಅದು..."

"ಬಾಯಿ ಮುಚ್ಚು! ಆ ಬಾಯಿ ತೆಗೀಬೇಡ ನಮ್ ಮುಂದೆ."

ಓಬಳಮ್ಮ ಗಡಿಗೆ ಬೋರಲು ಹಾಕಿದಳು. ಅವಳ ಹಿಂದೆ ಉಳಿದವರೂ. ಸಾರಿಸಿದ ಹೊಸಿಲಿನ ಮೇಲೆ ಬೆಳ್ಳಗೆ ಮೊಸರು ಹರಿದು ಮೆಟ್ಟಿಲ ಮಣ್ಣಿಗೆ ಇಳಿಯಿತು. ನಾಗವೇಣಿ ಎಲ್ಲರ ಹಿಂದೆ ನಿಂತಿದ್ದಳು. ತಲೆ ಎತ್ತಲಿಲ್ಲ. ಅವಳ ಕೈಯ ಗಡಿಗೆಯೂ ಬೋರಲಾಯಿತು.

ಎಲ್ಲರೂ ಹೋದ ಮೇಲೆ ಅಂಜಿನಮ್ಮ ಒಳಗೆ ಬಂದು ತನ್ನ ಗಡಿಗೆಯನ್ನೂ ಹಿತ್ತಿಲಿಗೆ ಸುರಿದಳು. ಬೂದಿ ಹಾಕಿ ಉಜ್ಜಿ ತೊಳೆದು ಕವುಚಿಟ್ಟಳು. ಒಂದು ಚಮಚವನ್ನೂ ಎತ್ತಿಡಲಿಲ್ಲ.

ಅವಳನ್ನು ಸುಡುತ್ತಿದ್ದದ್ದು ಓಬಳಮ್ಮನ ಮಾತಲ್ಲ. ಹೋದ ಮಳೆಗಾಲದಲ್ಲಿ ಒಂದು ದಿನ ಹಂಸಿ ತಪ್ಪುಹೆಜ್ಜೆ ಹಾಕುತ್ತ ಇವಳ ಹಿತ್ತಿಲಿಗೆ ಬಂದಿತ್ತು. ಸುತ್ತ ಯಾರೂ ಇರಲಿಲ್ಲ. ಅಂಜಿನಮ್ಮ ಆಗಷ್ಟೇ ಶೆಡ್ಡಿನಿಂದ ಬಂದವಳು, ಕೆಲಸದ ಸೀರೆಯಲ್ಲೇ ಕೂಸನ್ನು ಎತ್ತಿಕೊಂಡು ಅದರ ನೆತ್ತಿಗೆ ಮೂಗಿಟ್ಟು ನಿಂತಿದ್ದಳು. ಎಣ್ಣೆಯ, ಹಾಲಿನ, ಎಳೆ ಬೆವರಿನ ಆ ಘಮ ಅವಳ ಸತ್ತ ಮೂಗಿಗೂ ತಿಳಿದಿತ್ತು. ಆಮೇಲೆ ಇಳಿಸಿ ಗೋಡೆಯಾಚೆ ಕಳಿಸಿದ್ದಳು. ಒಂಟಿ ಸಂಜೆಗಳಲ್ಲಿ ನೆನೆದು ನೆನೆದು ಸವೆಸಿದ್ದ ಆ ಗಳಿಗೆ ಈಗ ಕೆಂಡದಂತೆ ಎದೆಯಲ್ಲಿ ಕೂತಿತು. ಸೀರೆಯ ದೂಳಿನಿಂದ ಕೂಸಿಗೆ ಹೋಯಿತೇ? ತನ್ನಿಂದಲೇ?

*

ಊರಿನ ಸುದ್ದಿ ತಿಳಿದು ಮರುದಿನ ಶೆಡ್ಡಿನ ಮ್ಯಾನೇಜರು ಅವಳನ್ನೂ ಡಾಕ್ಟರನ್ನೂ ಕಂಟ್ರೋಲ್ ರೂಮಿಗೆ ಕರೆಸಿದರು. ಗೋಡೆಯ ತುಂಬ ಪರದೆಗಳು. ಯಾವ ತೊಟ್ಟಿಯಲ್ಲಿ ಎಷ್ಟು ಆಮ್ಲ, ಯಾವ ಫ್ಯಾನು ಎಷ್ಟು ಗಾಳಿ ಎಳೆಯುತ್ತಿದೆ, ಎಲ್ಲ ಹಸಿರು ಅಂಕಿಗಳಲ್ಲಿ ಓಡುತ್ತಿತ್ತು. ಮ್ಯಾನೇಜರು ಕಿಟಕಿ ತೆಗೆದು ಅದರ ಹತ್ತಿರವೇ ನಿಂತರು.

"ಹಲಗೆ ನಮ್ಮ ಗೇಟಿಗೆ ಬಂದ ಮೇಲಿಂದ ಈ ಲೋಹ ಹೊರಗೆ ಹೋಗಿಲ್ಲ. ನಮ್ಮ ಅಳತೆಗಳೆಲ್ಲ ಹಾಗೇ ಹೇಳ್ತವೆ. ಹೊರಗೆ ಹೋಗಿರೋದು ಮೊಸರು. ಊರಲ್ಲಿ ಉಳಿದಿದ್ದನ್ನೆಲ್ಲ ಚೆಲ್ಲಿಸಿ. ಜೀವಾಣು ಸಾಯೋ ಮಾತ್ರೆ ಹಂಚಿ. ಎರಡು ಮೂರು ತಿಂಗಳಲ್ಲಿ ಎಲ್ಲರ ತಲೆಯೂ ಕಪ್ಪಗಾಗುತ್ತೆ."

"ತಲೆ ಕಪ್ಪಗಾಗುತ್ತೆ ಸರ್," ಎಂದರು ಡಾಕ್ಟರು. "ಒಳಗೆ ಇರೋದು?"

"ಒಳಗೆ ಇದೆ ಅಂತ ಯಾರು ಹೇಳಿದ್ದು?"

"ಕೂದಲು."

ಮ್ಯಾನೇಜರು ಪರದೆಗಳ ಕಡೆ ತಿರುಗಿದರು. "ಇನ್ನು ಮೇಲೆ ರಜೆಯ ಬಾಟಲಿ ಇಲ್ಲ. ಗೇಟಿನಲ್ಲಿ ಕಾವಲಿನವನ ಎದುರೇ ಕುಡೀಬೇಕು. ಮುಂದಿನ ತಿಂಗಳಿಂದ ಮೊಸರೂ ಇಲ್ಲ, ಕ್ಯಾಪ್ಸೂಲ್. ಅದು ಹಾಲಿಗೆ ಹಾಕಿದರೂ ಬೆಳೆಯಲ್ಲ."

ಹೊರಗೆ ಬಂದ ಮೇಲೆ ಅಂಜಿನಮ್ಮ ಗೋಡೆ ಹಿಡಿದು ನಿಂತಳು.

"ಮೇಡಂ, ನಾನು ಕೊಟ್ಟ ಮೊಸರಿಂದ ಆ ಕೂಸಿಗೆ ವಿಷ ಹೋಯ್ತಾ?"

"ಇಲ್ಲ. ಮೊಸರಲ್ಲಿ ವಿಷ ಇಲ್ಲ. ಒಳಗಿದ್ದದ್ದನ್ನ ಹೊರಗೆ ತರುತ್ತೆ, ಅಷ್ಟೇ. ಒಳಗೆ ಏನೂ ಇಲ್ಲದಿದ್ದರೆ ಕೂದಲು ಕಪ್ಪಗೇ ಇರುತ್ತಿತ್ತು."

"ಹಂಗಾದ್ರೆ ಮೊದ್ಲೇ ಇತ್ತು." "ನಾನೊಂದು ಸಲ ಆ ಕೂಸನ್ನ ಎತ್ಕೊಂಡಿದ್ದೆ. ಈ ಸೀರೇಲೇ."

ಡಾಕ್ಟರು ಅವಳನ್ನೇ ನೋಡಿದರು. "ಒಂದು ಸಲ ಎತ್ತಿಕೊಂಡರೆ ಇಷ್ಟು ಬರಲ್ಲ ಅಂಜಿನಮ್ಮ."

"ಬರಲ್ಲ ಅಂತ ಆಣೆ ಇಟ್ಟು ಹೇಳ್ತೀರಾ?"

ಡಾಕ್ಟರು ಆಣೆ ಇಡಲಿಲ್ಲ. ಕೈದೀಪವನ್ನೂ ಹಂಚಬೇಕಿದ್ದ ಮಾತ್ರೆಗಳನ್ನೂ ಚೀಲಕ್ಕೆ ಹಾಕಿಕೊಂಡರು. "ನಡೀರಿ, ನೋಡಿಕೊಂಡೇ ಬರೋಣ."

*

ಓಬಳಮ್ಮ ಡಾಕ್ಟರಿಗೆ ಚಾಪೆ ಹಾಸಿದಳು. ಅಂಜಿನಮ್ಮನ ಕಡೆ ಕೈ ತೋರಿಸಿ, "ಇವ್ಳು ಹೊರ್ಗೇ ಇರ್ಲಿ," ಎಂದಳು.

ಬಾಗಿಲು ಮುಚ್ಚಿತು. ಕತ್ತಲೆ ಮಾಡಿ ದೀಪ ಹಿಡಿದಿರಬೇಕು, ಒಳಗಿನಿಂದ ಮಾತುಗಳು ಕೇಳಿಸಿದವು. "ಅಯ್ಯೋ, ಅತ್ತೆ ತಲೆ ಮಿಂಚುಹುಳದಂಗೆ!" ಎಂದು ನಾಗವೇಣಿ. "ಹಳದಿ ನಾಕು ತಿಂಗಳಷ್ಟು ಬೆಳೆದಿದೆ, ಅಂದರೆ ಮೊಸರು ತಿನ್ನೋಕೆ ಶುರು ಮಾಡಿದಾಗಿಂದ," ಎಂದು ಡಾಕ್ಟರು. ಆಮೇಲೆ ಅದೇ ಕೇರಿಯ ಪುಟ್ಟಮಲ್ಲಯ್ಯನ ಮನೆಯವರನ್ನು ಕರೆಸಿದರು. ಅವರೂ ಅದೇ ಮೊಸರು ತಿಂದವರು, ಅವರ ತಲೆ ಹೊಳೆಯಲಿಲ್ಲ. ಅದು ಯಾಕೆ ಎಂದು ಡಾಕ್ಟರಿಗೂ ತಿಳಿಯಲಿಲ್ಲ. ನೀರು ಎಲ್ಲಿಯದು, ಹಾಲು ಯಾರ ಮನೆಯದು ಎಂದು ಕೇಳುತ್ತ ಹೋದರು. ನೀರೂ ಒಂದೇ, ಹಾಲೂ ಒಂದೇ.

ಅಂಜಿನಮ್ಮ ಅಂಗಳದ ಬಿಸಿಲಿನಲ್ಲಿ ನಿಂತೇ ಇದ್ದಳು. ಎದುರಿಗೆ ಸೋಲಾರ್ ಹಲಗೆ, ಅದರ ಮೇಲೆ ಉಪ್ಪು ಬೆರೆಸಿದ ಹುಣಸೆಹಣ್ಣು ರಸ ಒಸರಿ ಮಿರುಗುತ್ತಿತ್ತು. ಶೆಡ್ಡಿನಲ್ಲಿ ದಿನವೂ ನೋಡಿ ಸಾಕಾದ ಸಾಮಾನು. ತನ್ನ ಪಾಲಿನ ಹುಣಸೆಯನ್ನು ಅವಳು ಈಚಲು ಚಾಪೆಯ ಮೇಲೆ ಒಣಗಿಸುತ್ತಿದ್ದಳು, ಮನೆಗೆ ಬಂದ ಮೇಲೂ ಅದೇ ಗಾಜು ಯಾಕೆ ನೋಡಬೇಕೆಂದು. ಎರಡು ಗಾಜಿನ ನಡುವಿನದು ತೊಟ್ಟಿಯ ಆಮ್ಲಕ್ಕಲ್ಲದೆ ಹೊರಗೆ ಬರುವುದಿಲ್ಲ ಎಂದು ಶೆಡ್ಡಿನವರು ಹೇಳಿಕೊಟ್ಟಿದ್ದರು. ಅದನ್ನು ನಂಬಿದ್ದಳು, ಎಲ್ಲರೂ ನಂಬಿದ್ದರು.

ಹಲಗೆಯ ಒಂದು ಮೂಲೆಯಲ್ಲಿ ಇರುವೆ ಹರಿಯುತ್ತಿತ್ತು. ಗಾಜಿನ ಮೇಲಲ್ಲ, ಕೆಳಗೆ, ಮಣ್ಣಿನ ಮೇಲೆ.

ಕಪ್ಪು ಹಲಗೆಯ ಅಡಿಯ ಇರುವೆ ಹೇಗೆ ಕಾಣುತ್ತದೆ?

ಅಂಜಿನಮ್ಮ ಕುಕ್ಕರುಗಾಲಲ್ಲಿ ಕೂತಳು. ಹಣ್ಣನ್ನು ಬೆರಳಿನಿಂದ ಬದಿಗೆ ಸರಿಸಿದಳು. ಬಿರುಕಿನ ಉದ್ದಕ್ಕೂ, ಬಳ್ಳಿ ಹಬ್ಬಿದ ಹಾಗೆ, ಕಪ್ಪು ಹೋಗಿ ಗಾಜು ತಿಳಿಯಾಗಿತ್ತು. ಅಡಿಯ ಮಣ್ಣು, ಕಲ್ಲು, ಒಂದು ಒಣ ಎಲೆ ಎಲ್ಲ ಕಿಟಕಿಯಲ್ಲಿ ಕಂಡಂತೆ. ತೊಟ್ಟಿಯಿಂದ ಎತ್ತಿದ ಗಾಜು ಹೇಗಿರುತ್ತದೋ ಹಾಗೇ.

"ಮೇಡಂ," ಎಂದು ಕೂಗಿದಳು. ಉಸಿರು ಹಿಡಿಯುವುದು ಮರೆತುಹೋಗಿತ್ತು. "ಮೇಡಂ, ಒಸಿ ಹೊರಗೆ ಬನ್ನಿ!"

ಡಾಕ್ಟರು ಬಂದರು. ಅವಳು ಬರೀ ಬೆರಳು ತೋರಿಸಿದಳು. ಡಾಕ್ಟರು ಬಗ್ಗಿ ನೋಡಿದರು, ಹಣ್ಣಿನ ರಸವನ್ನು ಬೆರಳಿಗೆ ಹಚ್ಚಿ ತಿಕ್ಕಿದರು.

"ಎಷ್ಟು ವರ್ಷದಿಂದ ಇದರ ಮೇಲೆ ಹಾಕ್ತಿದ್ದೀರಿ ಅಜ್ಜಿ?"

"ಹಲ್ಗೆ ಕೊಟ್ಟಾಗಿಂದ. ಅದಕ್ಕೇನೀಗ?"

"ಹುಣಸೆ ಹುಳಿ, ಉಪ್ಪು, ಬಿಸಿಲು. ನಮ್ಮ ತೊಟ್ಟಿ ಒಂದು ಗಂಟೇಲಿ ಮಾಡೋದನ್ನ ಇದು ವರ್ಷಗಟ್ಟಲೆ ಮೆಲ್ಲಗೆ ಮಾಡಿದೆ. ಬಿರುಕಿನಲ್ಲಿ ಇಳಿದು ಕರಗಿಸಿ ಹಣ್ಣಿಗೆ ತಂದಿದೆ. ಪುಟ್ಟಮಲ್ಲಯ್ಯನವರಿಗೆ ಹುಣಸೆಮರ ಇದೆಯಾ?"

"ಇಲ್ಲ. ಅವ್ರು ಅಂಗಡೀದು ತರೋದು."

ಓಬಳಮ್ಮ ಮೆಲ್ಲಗೆ ಜಗಲಿಯ ಮೇಲೆ ಕೂತಳು. ಕೈಯಲ್ಲಿ ಇನ್ನೂ ಬೀಜ ಬಿಡಿಸುತ್ತಿದ್ದ ಒಂದು ಹಣ್ಣಿತ್ತು. ಅದನ್ನು ಎಲ್ಲಿ ಇಡಬೇಕೆಂದು ತಿಳಿಯದವಳಂತೆ ಹಿಡಿದುಕೊಂಡೇ ಇದ್ದಳು.

"ಆ ಕೂಸು ಸಾರಿಲ್ದೆ ಒಂದು ತುತ್ತು ಮುದ್ದೆ ನುಂಗಲ್ಲ," ಎಂದಳು. "ನಾನೇ ಕಲಸಿ ಕಲಸಿ ಇಟ್ಟಿದ್ದೀನಿ."

ನಾನಲ್ಲ, ನನ್ನ ಸೀರೆಯಲ್ಲ, ಎಂದು ಅಂಜಿನಮ್ಮನಿಗೆ ಕೂಗಬೇಕೆನ್ನಿಸಿತು. ಓಬಳಮ್ಮನ ಮುಖ ನೋಡಿ ಕೂಗಲಿಲ್ಲ. ಎದೆಯ ಕೆಂಡ ಆರಿದ ಜಾಗ ಬರೀ ತಣ್ಣಗಿತ್ತು.

"ಹಲಗೆಗಳನ್ನೆಲ್ಲ ಇವತ್ತೇ ತೆಗೀರಿ, ಈ ಹಣ್ಣು ಯಾರೂ ತಿನ್ನಬೇಡಿ, ದನಕ್ಕೂ ಹಾಕಬೇಡಿ," ಎಂದರು ಡಾಕ್ಟರು. "ಒಳಗಿರೋದನ್ನ ಹೊರಗೆ ತರೋದು ಮಾತ್ರ ಆ ಮೊಸರೇ."

"ಎಲ್ಲಾ ಚೆಲ್ಲಿದ್ವಲ್ಲ ತಾಯಿ," ಎಂದಳು ಓಬಳಮ್ಮ. "ನೀವೇ ಒಸಿ ಕೊಡಿ."

"ಚೆಲ್ಲಿಸು ಅಂತ ಕಳಿಸಿದ್ದಾರೆ ನನ್ನನ್ನ. ಈಗ ಒಂದು ಬಾಟಲಿಯೂ ಗೇಟು ದಾಟಲ್ಲ. ಮೇಲಿನವರಿಗೆ ನಾನು ಬರೀತೀನಿ, ಅದು ಆಗೋದು ಯಾವಾಗಲೋ." ಚೀಲದ ಮಾತ್ರೆಗಳನ್ನು ಅವರು ಹೊರಗೆ ತೆಗೆಯಲೇ ಇಲ್ಲ.

ಓಬಳಮ್ಮ ಅಂಗಳದ ಕಡೆ ನೋಡುತ್ತ, ಅಂಜಿನಮ್ಮನ ಕಡೆ ನೋಡದೆ, "ನಿನ್ ತಾವ ಇರ್ಬೇಕಲ್ಲ?" ಎಂದಳು.

"ಇಲ್ಲ ಅತ್ತಮ್ಮ. ನಿನ್ನೆ ಬೂದಿ ಹಾಕಿ ತೊಳ್ದುಬಿಟ್ಟೆ."

ನಾಗವೇಣಿ ಬಾಗಿಲಲ್ಲಿ ನಿಂತಿದ್ದಳು. ಅತ್ತೆಯನ್ನು ನೋಡಿದಳು, ಶೆಡ್ಡಿನ ಡಾಕ್ಟರನ್ನು ನೋಡಿದಳು, ಏನೋ ಹೇಳಬೇಕೆಂದವಳು ಹೇಳದೆ ಒಳಗೆ ಹೋದಳು.

*

ಬೆಳಿಗ್ಗೆ ಕೇರಿಯಲ್ಲಿ ಕೊಡತಿಯ ಸದ್ದಿರಲಿಲ್ಲ. ಅಂಜಿನಮ್ಮ ಎಂದಿನಂತೆ ಪಾವು ಹಾಲು ಕಾಯಿಸಿ ಇಳಿಸಿದಳು. ಇಳಿಸಿದ ಮೇಲೆ, ಹಾಕಲು ಹೆಪ್ಪಿಲ್ಲ ಎನ್ನುವುದು ನೆನಪಾಯಿತು. ಬೆರಳದ್ದಿ ನೋಡುವ ಅಭ್ಯಾಸ ಮಾತ್ರ ಹೋಗಲಿಲ್ಲ. ಆರಲಿ, ಕುಡಿದರಾಯಿತು ಎಂದುಕೊಂಡಳು.

ಬಾಗಿಲಲ್ಲಿ ಬಳೆಯ ಸದ್ದಾಯಿತು.

ನಾಗವೇಣಿ ಒಂದು ಕೈಯಲ್ಲಿ ಹಿತ್ತಾಳೆ ಬಟ್ಟಲು ಹಿಡಿದು, ಇನ್ನೊಂದು ಕೈಯಲ್ಲಿ ಸೊಂಟದ ಮೇಲಿನ ಹಂಸಿಯನ್ನು ಒತ್ತಿಕೊಂಡು ನಿಂತಿದ್ದಳು. ಕೂಸಿನ ತಲೆ ಬೋಳು. ಚೆಲ್ಲಿದ ದಿನವೇ ಹೆದರಿ ಬೋಳಿಸಿದ್ದರು.

"ಆವತ್ತು ಚೆಲ್ಲೋಕೆ ತರೋವಾಗ ಒಂದು ಚಮಚ ತೆಗ್ದಿಟ್ಟಿದ್ದೆ ಕಣಕ್ಕ. ಅತ್ತೆಗೆ ಗೊತ್ತಿಲ್ಲ. ಗಡಿಗೆ ಪೂರ್ತಿ ಬರಿದು ಮಾಡೋಕೆ ಕೈ ಬರ್ಲಿಲ್ಲ. ರಾತ್ರಿ ಹಾಲಿಗೆ ಹಾಕ್ದೆ. ನೋಡು, ಹೆಂಗೆ ಕೂತೈತೆ." ಬಟ್ಟಲು ಮುಂದೆ ಮಾಡಿದಳು. "ವಾಪಸ್ ತಂದ್ಕೊಡ್ತೀನಿ ಅಂದಿದ್ದೆ. ದೀಪಾವಳಿ ಹೋಗಿ ಯುಗಾದಿ ಬತ್ತಾ ಐತೆ."

ಅಂಜಿನಮ್ಮ ಉಸಿರು ಬಿಗಿಹಿಡಿದು, ಮುಖ ಗೋಡೆಯ ಕಡೆ ತಿರುಗಿಸಿ, ಕೈ ಮಾತ್ರ ಚಾಚಿದಳು.

ಬಟ್ಟಲು ಅವಳ ಕೈಗೆ ಬರಲಿಲ್ಲ.

"ಆ ಕಡೆ ಯಾಕೆ ತಿರುಗ್ತೀಯ? ಈ ಕಡೆ ನೋಡಕ್ಕ. ಗೋಡೆಗೇನು ಕೊಡೋದು ನಾನು?"

ಅವಳು ತಿರುಗಿದಳು. ಎಷ್ಟು ಹೊತ್ತು ಹಿಡಿದಾಳು, ಉಸಿರು ಬಿಟ್ಟಳು. ನಾಗವೇಣಿಯ ಕಣ್ಣಲ್ಲಿ ನೀರಾಡಿತು. ಮೂಗು ಮುಚ್ಚಿಕೊಳ್ಳಲು ಎರಡೂ ಕೈ ಖಾಲಿಯಿರಲಿಲ್ಲ. ಆದರೂ ಹಿಂದೆ ಸರಿಯಲಿಲ್ಲ. ಹಂಸಿಗೆ ಅಂಥ ದಾಕ್ಷಿಣ್ಯವೇನೂ ಇರಲಿಲ್ಲ. ಎರಡು ಪುಟ್ಟ ಬೆರಳಲ್ಲಿ ಮೂಗು ಹಿಡಿದು, "ಥೂ, ಬೆಳ್ಳುಳ್ಳಿ!" ಎಂದಿತು.

ಇಷ್ಟು ವರ್ಷಗಳಲ್ಲಿ ಅವಳ ಮುಖಕ್ಕೆ ಅದನ್ನು ಹೇಳಿದವರು ಒಬ್ಬರೂ ಇರಲಿಲ್ಲ. ಅಂಜಿನಮ್ಮನಿಗೆ ನಗು ಬಂತು. ತಡೆಯಲಾಗದೆ, ಸೆರಗು ಕೂಡ ಅಡ್ಡ ಹಿಡಿಯದೆ ನಕ್ಕಳು.

ಬಟ್ಟಲು ಈಸಿಕೊಂಡು ಒಳಗೆ ಹೋದಳು. ಹಾಲಿಗೆ ಮತ್ತೊಮ್ಮೆ ಬೆರಳದ್ದಿದಳು. ಇನ್ನೂ ಉಗುರುಬೆಚ್ಚಗಿತ್ತು.